ಶೆಲ್ಟರ್ ದ್ವೀಪದ ಸಮಾಧಿ ನೆಲವನ್ನು ಅಗೆಯಬೇಕೇ?

ಪರ

ನ್ಯೂಯಾರ್ಕ್ ರಾಜ್ಯದ ಈ ದ್ವೀಪವನ್ನು 1651ರಲ್ಲಿ ನಥಾನಿಯಲ್ ಸಿಲ್ವೆಸ್ಟರ್ ಮತ್ತು ಜೊತೆಗಾರರು ಇಡಿಯಾಗಿ ಕೊಂಡರು. ಸುಮಾರು 8,000 ಎಕರೆ. 1666ರಲ್ಲಿ ಅದಕ್ಕೆ ಮ್ಯಾನರ್ ಪಟ್ಟ ಸಿಕ್ಕಿತು, ಅಂದರೆ ಒಡೆಯ ಹೇಳಿದ್ದೇ ಅಲ್ಲಿ ಕಾನೂನು ಎನ್ನುವ ಹಾಗೆ. ಇಲ್ಲಿನ ಮಾಂಸ, ಮರ, ಜಾನುವಾರು ಹಡಗು ಹತ್ತಿ ಬಾರ್ಬಡೋಸ್‌ನ ಕಬ್ಬಿನ ತೋಟಗಳಿಗೆ ಹೋಗುತ್ತಿದ್ದವು. ದುಡಿದವರಲ್ಲಿ ಆಫ್ರಿಕಾದ ಗುಲಾಮರಿದ್ದರು. ಈ ಸಮಾಧಿ ನೆಲ ಅವರದೇ. ಅವರ ಬಗ್ಗೆ ಬರಹದಲ್ಲಿ ಸಿಗುವುದು ತೀರಾ ಕಡಿಮೆ. ಸಿಲ್ವೆಸ್ಟರ್‌ನ 1680ರ ಉಯಿಲಿನಲ್ಲಿ ತಮ್ಮೆರೋ, ಅವನ ಹೆಂಡತಿ ಓಯೂ, ಅವರ ಮಕ್ಕಳು ಆಸ್ತಿಯ ಲೆಕ್ಕದಲ್ಲಿ ಬರುತ್ತಾರೆ, ಅಷ್ಟೇ.

ಮೂಳೆ ಇದಕ್ಕಿಂತ ಜಾಸ್ತಿ ಹೇಳುತ್ತದೆ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ 1991ರಲ್ಲಿ ಸಿಕ್ಕ ಆಫ್ರಿಕನ್ನರ ಸಮಾಧಿ ನೆಲವನ್ನೇ ನೋಡಿ. ಒಬ್ಬ ಹೆಂಗಸಿನ ಹಲ್ಲುಗಳನ್ನು ಆಫ್ರಿಕಾದ ಪದ್ಧತಿಯಂತೆ ಅರದಿಂದ ತಿದ್ದಲಾಗಿತ್ತು, ಸೊಂಟಕ್ಕೆ ಮಣಿಸರ ಇತ್ತು. ಎಷ್ಟೋ ಮೂಳೆಗಳಲ್ಲಿ ಭಾರ ಹೊತ್ತ ಗುರುತು ಹಾಗೇ ಉಳಿದಿತ್ತು. ಇದನ್ನು ಯಾವ ಒಡೆಯ ತನ್ನ ಪುಸ್ತಕದಲ್ಲಿ ಬರೆದಿಟ್ಟಾನು?

ವಿರೋಧ

ಆ ಹೆಂಗಸಿನ ವಿಷಯ ಓದಿದಾಗ ನನಗೂ ಗಂಟಲು ಕಟ್ಟಿತು. ಆದರೆ ಮ್ಯಾನ್‌ಹಟನ್‌ನಲ್ಲಿ ಅಗೆದದ್ದು ಅಲ್ಲಿ ಸರ್ಕಾರಿ ಕಟ್ಟಡ ಏಳಬೇಕಿತ್ತು ಅಂತ. ಕಪ್ಪು ಜನ ಬೀದಿಗಿಳಿದ ಮೇಲೆ, 1992ರಲ್ಲಿ, ಕೆಲಸ ನಿಂತಿತು. ಹೊರತೆಗೆದ 419 ಮಂದಿಯ ಅಸ್ಥಿ ಮತ್ತೆ ಮಣ್ಣು ಸೇರಿದ್ದು 2003ರಲ್ಲಿ. ಅಷ್ಟು ವರ್ಷ ಅವರು ಪೆಟ್ಟಿಗೆಗಳಲ್ಲಿದ್ದರು, ಅಲ್ವಾ?

ಶೆಲ್ಟರ್ ದ್ವೀಪದ ಸಮಾಧಿಗಳ ಮೇಲೆ ಯಾವ ಕಟ್ಟಡವೂ ಬರುತ್ತಿಲ್ಲ. ಮರದ ಬೇಲಿ ಇದೆ, ಇದು 1651ರಿಂದ ಮ್ಯಾನರಿನ ಕಪ್ಪು ಜನರನ್ನು ಹೂಳುವ ಜಾಗ ಎಂದು ಕೆತ್ತಿದ ಒಂದು ಬಂಡೆ ಇದೆ. ಬದುಕಿದ್ದಾಗ ಅವರ ಮೈ ಅವರದಾಗಿರಲಿಲ್ಲ. ಸತ್ತ ಮೇಲೂ ಅವರ ಪೀಳಿಗೆಯವರನ್ನು ಕೇಳದೆ ನಾವು ಮುಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಅಗೆಯದಿದ್ದರೆ ಏನೂ ತಿಳಿಯುವುದಿಲ್ಲ ಎನ್ನುವುದೂ ನಿಜವಲ್ಲ. 1998ರಿಂದ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಶೆಲ್ಟರ್ ದ್ವೀಪದಲ್ಲಿ ಅಗೆದದ್ದು ಒಡೆಯನ ಮನೆಯ ಸುತ್ತ. ತಿಪ್ಪೆಗುಂಡಿಯಲ್ಲಿ ಪ್ರಾಣಿಗಳ ಮೂಳೆ, ಇಟ್ಟಿಗೆ ಚೂರು, ಸ್ಥಳೀಯ ಮಡಕೆ ಚೂರು, ಚಿಪ್ಪಿನ ಮಣಿ ಮಾಡಿದ ಗುರುತು ಎಲ್ಲಾ ಒಟ್ಟಿಗೆ ಸಿಕ್ಕವು. ಅಲ್ಲಿನ ಮೂಲನಿವಾಸಿ ಮನ್ಹಾನ್ಸೆಟ್ ಜನರೂ ಆಫ್ರಿಕನ್ನರೂ ಒಂದೇ ಅಂಗಳದಲ್ಲಿ ದುಡಿದಿದ್ದರು ಎಂದು ತಿಳಿದದ್ದು ಹೀಗೆ, ಒಂದು ಸಮಾಧಿಯನ್ನೂ ಮುಟ್ಟದೆ. ಸಮಾಧಿಗಳ ಸಾಲು ಎಲ್ಲಿದೆ ಎಂದು ನೋಡಲು ನೆಲದೊಳಗೆ ಹಾಯುವ ರೇಡಾರ್ ಇದೆ. ಹಾರೆ ಗುದ್ದಲಿ ಆ ತಿಪ್ಪೆಯ ಹತ್ತಿರವೇ ಇರಲಿ.