ಮೊರೇರ ಗುಡ್ಡದ ಕಲ್ಲು ಹತ್ತಬೇಡಿ

ಈಗಷ್ಟೇ ಒಂದು ರೀಲ್ ನೋಡಿದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಹತ್ತಿರದ ಮೊರೇರ ಗುಡ್ಡ. ಕಲ್ಲುಮನೆಯ ಮೇಲಿನ ಚಪ್ಪಡಿ ಹತ್ತಿ ಮೂವರು ಹುಡುಗರು ಕುಣಿಯುತ್ತಿದ್ದಾರೆ. ಮೈಯೆಲ್ಲಾ ಉರಿದುಹೋಯಿತು.

ಅದು ಸಮಾಧಿ ಕಣ್ರಪ್ಪಾ! ನಾವು ಗಂಗಾವತಿ ಕಡೆಯವರು ಮನೆ ಅಂತ ಕರೆದರೂ ಅಲ್ಲಿ ಯಾರೂ ಸಂಸಾರ ಮಾಡಿದ್ದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣದ ಯುಗದ ಜನ ಸತ್ತ ತಮ್ಮವರಿಗಾಗಿ ಕಟ್ಟಿದ್ದು. ಸಣ್ಣವು ದೊಡ್ಡವು ಸೇರಿ 400ರ ಹತ್ತಿರ ಇವೆ. ಅದೇ ಗುಡ್ಡದ ಬಂಡೆಯಿಂದ ಚಪ್ಪಡಿ ಎಬ್ಬಿಸಿದ್ದಾರೆ. ಸುತ್ತ ನಿಲ್ಲಿಸಿ, ಮೇಲೊಂದು ಹೊದಿಸಿದ್ದಾರೆ. ಕೆಲವಕ್ಕೆ ದುಂಡನೆಯ ಕಿಂಡಿಯೂ ಇದೆ. ದೊಡ್ಡವು ಆಳಿಗಿಂತ ಎತ್ತರ. ಗಾರೆ ಇಲ್ಲ, ಏನೂ ಇಲ್ಲ. ಒಂದರ ಭಾರಕ್ಕೆ ಇನ್ನೊಂದು ನಿಂತಿದೆ. ಒಂದು ಚಪ್ಪಡಿ ಜರುಗಿದರೂ ಪೂರ್ತಿ ಕುಸಿಯಬಹುದು. ಅದರ ಮೇಲೆ ಕುಣಿತ!

ನಮ್ಮಜ್ಜಿಯನ್ನು ಹೊಲದಲ್ಲೇ ಮಣ್ಣು ಮಾಡಿದ್ದೇವೆ. ಇವತ್ತಿಗೂ ಆ ಜಾಗದ ಮೇಲೆ ನಾನು ಕಾಲಿಡಲ್ಲ. ಅಲ್ಲಿ ಯಾರಾದರೂ ಹೀಗೆ ಕುಣಿದಿದ್ದರೆ ನಾನು ಬಡಿಗೆ ಹಿಡಿದು ಹೋಗುತ್ತಿದ್ದೆ. ಮೊರೇರ ಗುಡ್ಡದ ಸತ್ತವರ ಪರ ಕೇಳೋಕೆ ಯಾರೂ ಉಳಿದಿಲ್ಲ, ಅಷ್ಟೇ ವ್ಯತ್ಯಾಸ.

ನಿಧಿ ಆಸೆಗೆ ಸಮಾಧಿ ಅಗೆಯುವವರದ್ದು ಇನ್ನೊಂದು ಕಾಟ. ಎಷ್ಟೋ ಸಮಾಧಿಗಳು ಬರೀ ಬಂಡೆಯ ಮೇಲೇ ನಿಂತಿವೆ, ಕೆಳಗೆ ಮಣ್ಣೇ ಇಲ್ಲ. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಮಡಕೆ, ಮೂಳೆ, ಕಬ್ಬಿಣದ ಸಾಮಾನು. ಆ ಮಡಕೆ ಚೂರು ಇದ್ದಲ್ಲೇ ಇದ್ದರೆ ಸಮಾಧಿ ಯಾವ ಕಾಲದ್ದು ಅಂತ ಹೇಳುತ್ತದೆ. ಕೆದಕಿ ಎಸೆದರೆ ಬರೀ ಚೂರು.

"ಜನ ಬಂದರೆ ತಾನೇ ಊರಿಗೆ ಹೆಸರು?" ಅಂತ ಒಬ್ಬರು ಆ ರೀಲಿನ ಕೆಳಗೆ ಬರೆದಿದ್ದಾರೆ. ಬರಲಿ ಸ್ವಾಮಿ, ಬೇಡ ಅಂದವರು ಯಾರು? ಸುತ್ತಾಡಲಿ, ಕಿಂಡಿಯಲ್ಲಿ ಇಣುಕಲಿ, ಬಡಿದರೆ ನಗಾರಿಯಂತೆ ಸದ್ದು ಮಾಡುವ ಅಲ್ಲಿನ ದುಂಡು ಕಲ್ಲು ನೋಡಲಿ. ನೋಡೋಕೆ ಚಪ್ಪಡಿ ಹತ್ತಲೇಬೇಕಾ? 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿದೆ. ಹೆಸರು ಆಗಲೇ ಬಂದಿದೆ. ಉಳಿಯಬೇಕಾಗಿರೋದು ಕಲ್ಲು.

ಕಾನೂನೂ ಇದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಬೆಟ್ಟದ ಮೇಲೆ ಕಾಯೋರು ಬೇಕಲ್ವಾ? ಸುತ್ತಲಿನ ಹಳ್ಳಿಯ ಹುಡುಗರಿಗೇ ಸಂಬಳ ಕೊಟ್ಟು ಆ ಕೆಲಸಕ್ಕೆ ಇಡಲಿ. ಜಾಡು ಗೊತ್ತಿರೋದೂ ಅವರಿಗೇ, ಯಾರು ಹತ್ತಿದರು ಅಂತ ಮೊದಲು ಗೊತ್ತಾಗೋದೂ ಅವರಿಗೇ.

ಆ ಮೂವರ ಪರಿಚಯ ಇದ್ದವರು ಸ್ವಲ್ಪ ಹೇಳಿ, ರೀಲ್ ತೆಗೆಯಲಿ. ನಾನು ಮೆಸೇಜ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.