ಪಡೀಲು ದಾಟಿದರೆ ಪರವಲಯ

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನೇತ್ರಾವತಿ ದಾಟಿ ಊರೊಳಗೆ ಬಂದ ಹಳಿ ಅಲ್ಲೇ ಮುಗಿಯಿತು. ಆಗ ಊರು ಮದ್ರಾಸ್ ಪ್ರಾಂತ್ಯದ್ದು, ಹಳಿ ಬಂದದ್ದು ಮಲಬಾರಿನಿಂದ, ಸರಿಯೇ. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು. ಸೆಂಟ್ರಲ್ ನಿಲ್ದಾಣಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅದು ಇವತ್ತಿಗೂ ಕೇರಳದ ಪಾಲಕ್ಕಾಡ್ ರೈಲ್ವೆ ವಿಭಾಗದ ಸೊತ್ತು.

ಹಾಸನದ ಕಡೆಗೆ ಘಟ್ಟ ಹತ್ತುವ ಹಳಿ ಪೂರ್ತಿಯಾದದ್ದು 1979ರಲ್ಲಿ, ಅಂದರೆ 72 ವರ್ಷಕ್ಕೆ. ಅದೂ ಮೀಟರ್ ಗೇಜ್. ಬ್ರಾಡ್‌ಗೇಜ್ ಮಾಡುತ್ತೇವೆಂದು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. 1000 ಮಿ.ಮೀ. ಇದ್ದ ಎರಡು ಹಳಿಗಳ ನಡುವಿನ ಅಂತರ 1676 ಆಯಿತು. 676ನ್ನು 11 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 61 ಮಿ.ಮೀ. ಉಗುರು ಬೆಳೆಯುವುದಕ್ಕಿಂತ ತುಸು ಜೋರೇ, ಇಲಾಖೆಯನ್ನು ಸುಮ್ಮನೆ ಬೈಯಬಾರದು.

ಈಗ ಕಾರವಾರದಿಂದ ಮಂಗಳೂರಿನ ಮೂಲಕ ಸುಬ್ರಹ್ಮಣ್ಯಕ್ಕೆ ಒಂದು ಪ್ಯಾಸೆಂಜರ್ ಬೇಕು ಅನ್ನಿ. ಮಂಗಳೂರಿನ ಉತ್ತರಕ್ಕಿರುವ ತೋಕೂರಿನವರೆಗೆ ಕೊಂಕಣ ರೈಲ್ವೆ, ಅರ್ಜಿ ಅದರ ಕಚೇರಿಯಿರುವ ನವಿ ಮುಂಬೈಯ ಬೇಲಾಪುರಕ್ಕೆ. ತೋಕೂರಿನಿಂದ ಮಂಗಳೂರಿನ ಅಂಚಿನ ಪಡೀಲಿನವರೆಗೆ ದಕ್ಷಿಣ ರೈಲ್ವೆ ವಲಯ, ಪಾಲಕ್ಕಾಡ್ ಮುಗಿಸಿ ಚೆನ್ನೈಗೆ ಹೋಗಿ. ಪಡೀಲಿನಾಚೆ ನೈಋತ್ಯ ರೈಲ್ವೆ, ಮೈಸೂರು ಮತ್ತು ಹುಬ್ಬಳ್ಳಿ. ಒಬ್ಬರು ರೇಕ್, ಅಂದರೆ ಬೋಗಿಗಳ ಸಾಲು, ಯಾರದ್ದು ಎನ್ನುತ್ತಾರೆ, ಇನ್ನೊಬ್ಬರು ಗಾಡಿ ತೊಳೆದು ತಪಾಸಣೆ ಮಾಡುವ ಪಿಟ್‌ಲೈನ್ ಖಾಲಿಯಿಲ್ಲ ಎನ್ನುತ್ತಾರೆ, ಮೂರನೆಯವರು ಮೊದಲಿನ ಇಬ್ಬರೂ ಒಪ್ಪಲಿ ಎನ್ನುತ್ತಾರೆ.

ಸೆಂಟ್ರಲ್‌ಗೆ ಬಂದ ರೈಲಿಗೆ ಮುಂದೆ ದಾರಿಯೂ ಇಲ್ಲ. ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ಗಾಡಿ ಒಳಗೆ ಬಂದರೆ ಎಂಜಿನ್ ಕಳಚಿ, ಇನ್ನೊಂದು ತುದಿಗೆ ತಂದು ಜೋಡಿಸಿ, ಬ್ರೇಕ್ ಪೈಪಿನ ಒತ್ತಡ ಚದರ ಸೆಂ.ಮೀ.ಗೆ 5 ಕೆ.ಜಿ.ಗೆ ಏರಿಸಿ, ಕೊನೆಯ ಬೋಗಿಗೂ ಗಾಳಿ ಮುಟ್ಟಿದೆಯೇ ಎಂದು ನೋಡಬೇಕು. ಅಷ್ಟು ಹೊತ್ತೂ ಪ್ಲಾಟ್‌ಫಾರ್ಮ್ ಭರ್ತಿ. ಈ ತಾಪತ್ರಯವೇ ಬೇಡವೆಂದು ಕೇರಳ ಮತ್ತು ಮುಂಬೈ ನಡುವಿನ ಗಾಡಿಗಳು ಕಂಕನಾಡಿಯ ಜಂಕ್ಷನ್‌ನಲ್ಲೇ ನಿಂತು ಹೋಗುತ್ತವೆ. ಉಳಿದ ದಾರಿ ರಿಕ್ಷಾದವರ ವಲಯ.

ಪಣಂಬೂರು ಬಂದರಿನ ಕಲ್ಲಿದ್ದಲಿಗೆ ಮಾತ್ರ ಇದಾವುದೂ ಇಲ್ಲ. ಸಕಲೇಶಪುರದ ಘಟ್ಟದಲ್ಲಿ 55 ಕಿ.ಮೀ.ಗೆ 57 ಸುರಂಗ, 50 ಮೀಟರಿಗೆ ಒಂದು ಮೀಟರ್ ಏರು. ಆದರೂ ಗೂಡ್ಸ್ ಹತ್ತುತ್ತದೆ, ವಲಯದ ಜಗಳವಿಲ್ಲದೆ. ಸುಬ್ರಹ್ಮಣ್ಯಕ್ಕೆ ಹೋಗಲೇಬೇಕಾದವರು ಕಲ್ಲಿದ್ದಲು ಎಂದೇ ಬುಕ್ ಮಾಡಿಸಿಕೊಳ್ಳಿ. ಅಲ್ಲಿಂದ ಮೇಲಕ್ಕೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನೂ ಸಿಗುತ್ತದೆ.