ಗುಂಡಿಗೆ ಎದೆ ಕೊಟ್ಟವರು ಕೆಳಗೆ, ಫ್ಲೆಕ್ಸಿಗೆ ಫೋಟೋ ಕೊಟ್ಟವರು ಮೇಲೆ

ಕಾಸರಗೋಡು ಕಡೆ ನಮ್ಮೂರಿನ ಯೋಧ ಸ್ಮಾರಕ ನೋಡ್ಲಿಕ್ಕೆ ಬರುದಾದ್ರೆ ಜುಲೈ 26ಕ್ಕೆ ಬನ್ನಿ, ಇಲ್ಲದಿದ್ರೆ ಆಗಸ್ಟ್ 15. ಬಾಕಿ ದಿನ ಗೇಟಿಗೆ ಬೀಗ. ಕೀ ಪಂಚಾಯತಲ್ಲಿ ಅಂತಾರೆ, ಅಲ್ಲಿ ಕೇಳಿದ್ರೆ ಕ್ಲಬ್ಬಿನವರ ಹತ್ರ, ಕ್ಲಬ್ಬಿನವ ಗಲ್ಫಿಗೆ ಹೋಗಿಯೇ ವರ್ಷ ಆಯ್ತು.

ಹೈವೇ 66 ಸಿಕ್ಸ್ ಲೇನ್ ಆದ ಮೇಲೆ ಸ್ಮಾರಕ ಈಚೆ ಬದಿಯಿಂದ ಭಾರಿ ಚಂದ ಕಾಣ್ತದೆ, ಹೋಗ್ಲಿಕ್ಕೆ ಮಾತ್ರ ಸರ್ವೀಸ್ ರೋಡಲ್ಲೇ ಅಂಡರ್‌ಪಾಸ್ ತನಕ ನಡೆದು ಆಚೆಯಿಂದ ತಿರುಗಿ ಬರ್ಬೇಕು. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಹತ್ತಿದವರಿಗೆ ಇದೆಲ್ಲ ಎಂತ ಲೆಕ್ಕ ಅಂತ ಪ್ಲಾನ್ ಮಾಡಿದವರು ತಿಳ್ಕೊಂಡಿರ್ಬೇಕು. ಹತ್ತಿದವರಿಗೆ ಈಗ ಮೊಣಕಾಲು ನೋವು ಮಾರಾಯ್ರೇ.

ಒಳಗೆ ಹೋದ್ರೆ ದೊಡ್ಡದೊಂದು ಕಲ್ಲು. ಮೊದ್ಲು ಮಂತ್ರಿ, ಮತ್ತೆ ಎಂಪಿ, ಎಂಎಲ್‌ಎ, ಪಂಚಾಯತ್ ಪ್ರೆಸಿಡೆಂಟ್, ವೈಸ್ ಪ್ರೆಸಿಡೆಂಟ್, ಸ್ಟ್ಯಾಂಡಿಂಗ್ ಕಮಿಟಿ, ವಾರ್ಡ್ ಮೆಂಬರ್, ಕನ್ವೀನರ್, ಕಂಟ್ರಾಕ್ಟರ್. ಕಂಟ್ರಾಕ್ಟರಿನ ಕೆಳಗೆ, ಹುಲ್ಲು ಸರಿಸಿದ್ರೆ, ಯೋಧರು. ದೆಲ್ಲಿಯಲ್ಲಿ 2019ರ ಫೆಬ್ರವರಿ 25ಕ್ಕೆ ಉದ್ಘಾಟನೆ ಆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಗ್ರಾನೈಟಲ್ಲಿ 25,000ಕ್ಕಿಂತ ಜಾಸ್ತಿ ಯೋಧರ ಹೆಸರು ಕೆತ್ತಿದ್ದಾರಲ್ಲ, ನಮ್ಮ ಸಮಿತಿಯವರ ಕಣ್ಣಿಗೆ ಅದು ಸುಮ್ಮನೆ ಜಾಗ ದಂಡ.

ಕಾರ್ಗಿಲ್ ದಿನದ ಪ್ರೋಗ್ರಾಮ್ ಅಂತೂ ಕೇಳುದೇ ಬೇಡ. ಹೂವಿನ ರೀತ್ ಮೊದ್ಲು ಇಡುದು ಯಾರು ಅಂತ ಎರಡು ಪಾರ್ಟಿಯವರಿಗೆ ಜಗಳ ಹತ್ತಿ ಅಷ್ಟರಲ್ಲಿ ಮಳೆ ಬಂದು ಎಲ್ರೂ ಶಾಮಿಯಾನದೊಳಗೆ ನುಗ್ಗಿ, ಮುಂದಿನ ಸಾಲಲ್ಲಿ ಕೂತಿದ್ದ 71ರ ಯುದ್ಧದ ಅಜ್ಜನನ್ನು ಯಾರೋ 'ಸ್ವಲ್ಪ ಏಳಿ ಅಜ್ಜಾ, ಎಂಎಲ್‌ಎಯವರ ಪಿಎ ಬಂದಿದ್ದಾರೆ' ಅಂತ ಎಬ್ಬಿಸಿದ್ರು. ಪೂರ್ವ ಪಾಕಿಸ್ತಾನದಲ್ಲಿ ಸುಮಾರು 93,000 ಮಂದಿಯನ್ನು ಶರಣು ಮಾಡಿಸಿದ ಸೈನ್ಯದವರು, ಇಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಉಳಿಸ್ಕೊಳ್ಲಿಕ್ಕೆ ಆಗ್ಲಿಲ್ಲ. ಮೌನಾಚರಣೆ ಎರಡು ಸಲ ಆಯ್ತು, ಮೊದಲ ಸಲದ್ದು ಫೋಟೋ ಸರಿ ಬರ್ಲಿಲ್ಲ.

ಮತ್ತೆ ವರ್ಷ ಇಡೀ ಊರಿಗೆ ಎಕ್ಸ್ ಮಿಲಿಟ್ರಿಯವರ ನೆನಪಾಗುದು ಮದುವೆಯ ಮುಂಚಿನ ದಿನ, ಕೋಟಾದ ಬಾಟ್ಲಿ ಉಂಟಾ ಅಂತ ಕೇಳ್ಲಿಕ್ಕೆ. ಸರ್ಕಾರಕ್ಕೂ ನೆನಪುಂಟು, ಪೆನ್ಷನ್ ಬೇಕಾದ್ರೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಲೈಫ್ ಸರ್ಟಿಫಿಕೇಟ್ ಕೊಡ್ಬೇಕಲ್ಲ. ಅಜ್ಜ ಮಿಲಿಟ್ರಿ ಬಿಟ್ಟು ಬಂದು ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆಯೇ ಸವೆದು ಹೋಗಿದೆ, ಮೆಷಿನಿನ ಪ್ರಕಾರ ಅವರು ಬದುಕಿರುದು ಡೌಟು. ತೀರಿ ಹೋದವರ ಹೆಸರು ಹುಲ್ಲಲ್ಲಿ, ಬದುಕಿದವರದ್ದು ಎರರ್ ಮೆಸೇಜಲ್ಲಿ.

ಈಗ ಸ್ಮಾರಕಕ್ಕೆ ನವೀಕರಣ ಅಂತೆ. ಸೆಲ್ಫಿ ಪಾಯಿಂಟು, ಹೈಮಾಸ್ಟ್ ಲೈಟು, ಹೊಸ ಕಲ್ಲು. ಹೊಸ ಕಲ್ಲಲ್ಲಿ ಯೋಧರ ಹೆಸರು ಬರ್ತದಾ ಅಂತ ಕೇಳಿದೆ. 'ಅವರದ್ದು ಹಳೇದ್ರಲ್ಲಿ ಉಂಟಲ್ಲ ಸರ್' ಅಂದ್ರು ಕನ್ವೀನರು. ಹಾಗಾದ್ರೆ ಹಳೇದನ್ನು ಎಲ್ಲಿಡ್ತೀರಿ ಅಂದ್ರೆ, ಗೇಟಿನ ಎದುರಿನ ಚರಂಡಿಗೆ ಮುಚ್ಚಳ ಇಲ್ವಲ್ಲ, ಅಳತೆ ಕರೆಕ್ಟ್ ಆಗ್ತದಂತೆ.